ದೂರು ಹೇಳದ ಮೂವತ್ತೊಂದನೇ ಮನೆ

"ಹತ್ತೊಂಬತ್ತು," ಎಂದಳು ರತ್ನಾಬಾಯಿ.

ಚೇತನಾ ಕಂಪ್ಯೂಟರಿನ ಪರದೆಯಿಂದ ತಲೆ ಎತ್ತಿದಳು. "ಏನ್ರಿ ಹತ್ತೊಂಬತ್ತು?"

"ಮೂವತ್ತೊಂದನೇ ನಂಬರಿನ ಮನಿ. ನಿಮ್ಮ ಚೀಟಿಯೊಳಗ ಹತ್ತೊಂಬತ್ತು ಸಲ ಬಂದೈತಿ. ಎರಡು ದಿನ ಕುಂತು ಎಣಿಸೇನಿ."

"ಅಕ್ಕಾರ, ನನ್ನ ಕೇಳಿದ್ರ ಒಂದ ನಿಮಿಷದಾಗ ತಗದು ಕೊಡ್ತಿದ್ದೆ."

"ನಿಮ್ಮನ್ನ ಕೇಳಬಾರದು ಅಂತನ ಎಣಿಸಿದ್ದು."

ಚೇತನಾಳ ಮುಖ ಸ್ವಲ್ಪ ಕೆಂಪಾಯಿತು. ಬಾಗಲಕೋಟೆಯ ಆ ಕಾಲೇಜಿನ ಕೋಣೆಯಲ್ಲಿ ಮೂವರೇ ಇದ್ದರು. ಗಣಿಯ ಮದ್ದಿನ ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಮ್ ಬರೆದ ಚೇತನಾ, ಠಾಣೆಯ ಕೆಲಸದಿಂದ ನಿವೃತ್ತಳಾಗಿ ಈಗ ವಕೀಲರ ಪರವಾಗಿ ಪತ್ತೆ ಮಾಡುವ ರತ್ನಾಬಾಯಿ, ಮತ್ತು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೈಚೀಲ ಅವುಚಿಕೊಂಡು ಕುಳಿತ ತಬಸುಮ.

ಇಳಕಲ್ಲಿನ ಕೆಂಪುಕಲ್ಲಿನ ಗಣಿಯಲ್ಲಿ ಮದ್ದು ಸಿಡಿದ ಗಳಿಗೆಯಲ್ಲೇ ನೇಕಾರ ಶಂಕ್ರಪ್ಪ ತನ್ನ ಮನೆಯ, ಅಂದರೆ ಮೂವತ್ತೊಂದನೇ ನಂಬರಿನ ಮನೆಯ, ಗೋಡೆ ಬಿದ್ದು ಸತ್ತು ಅಂದಿಗೆ ಹದಿಮೂರು ದಿನ. ಮದ್ದು ತುಂಬಿದವನು ತಬಸುಮಳ ಗಂಡ ಯುನೂಸ. ಅವನ ಜಾಮೀನಿನ ಅರ್ಜಿ ಅದೇ ಮಧ್ಯಾಹ್ನ ಮೂರಕ್ಕೆ ಹುನಗುಂದದ ಕೋರ್ಟಿನಲ್ಲಿತ್ತು. ಇವತ್ತು ತಪ್ಪಿದರೆ ವಿಚಾರಣೆ ಮುಗಿಯುವ ತನಕ ಅವನು ಹೊರಗೆ ಬರುವುದಿಲ್ಲ ಎಂದು ವಕೀಲೆ ಶಿವಗಂಗಾ ಮುಚ್ಚುಮರೆ ಇಲ್ಲದೆ ಹೇಳಿದ್ದಳು.

ಗೋಡೆಯ ಗಡಿಯಾರ ಒಂಬತ್ತು ಹತ್ತು ತೋರಿಸುತ್ತಿತ್ತು.

"ಸಿಟ್ಟಾಗಬ್ಯಾಡ್ರಿ," ಎಂದಳು ರತ್ನಾಬಾಯಿ. "ಆ ಮನಿ ಹೆಸರನ್ನ ಯಾರೋ ಪಟ್ಟಿಯಿಂದ ತಗದಾರ ಅಂತ ನನಗ ಸಂಶೆ ಇತ್ತು. ತಗದಿಲ್ಲ. ಎಲ್ಲಾ ಮನಿ ಬಂದಷ್ಟ ಅದೂ ಬಂದೈತಿ. ನಿಮ್ಮ ಮ್ಯಾಲಿನ ಸಂಶೆ ಅಲ್ಲಿಗೆ ಮುಗೀತು. ಈಗ ಈಕಿಗೆ ತಿಳಿಯೂಹಂಗ ಇನ್ನೊಮ್ಮೆ ಹೇಳ್ರಿ. ಈಕಿಗೆ ತಿಳಿದ್ರ ಜಡ್ಜ್ ಸಾಹೇಬರಿಗೂ ತಿಳೀತೈತಿ."

ಚೇತನಾ ಕುರ್ಚಿಯನ್ನು ತಬಸುಮಳ ಕಡೆಗೆ ತಿರುಗಿಸಿದಳು.

"ಖಣಿ ಸುತ್ತ ಎಂಬತ್ತನಾಕು ಮನಿ. ಒಂದೊಂದು ಮನಿಯಾಗೂ ನೆಲ ಎಷ್ಟು ನಡುಗತೈತಿ ಅಂತ ಅಳಿಯೂ ಡಬ್ಬಿ ಇಟ್ಟೇವಿ. ಯಾವ ತೂತಿಗೆ ಎಷ್ಟು ಮದ್ದು, ಯಾವ ಸಾಲು ಮೊದಲ ಸಿಡೀಬೇಕು, ಇದು ಒಂದು ಯೋಜನಿ. ಇಂಥಾವು ನೂರನ್ನ ಕಂಪ್ಯೂಟರ್ ತಾನ ಮಾಡತೈತಿ. ಆಮ್ಯಾಲ ಎಂಬತ್ತನಾಕರಾಗ ಎಂಟು ಮನಿ ಚೀಟಿ ಎತ್ತತೈತಿ. ಡಬ್ಬಿಯ ಅಂಕಿ ಹಿಡದು, ಆ ಎಂಟು ಮನಿಗೆ ಈ ನೂರು ಯೋಜನಿ ಎಷ್ಟೆಷ್ಟು ನಡುಕ ಕೊಡ್ತಾವು ಅಂತ ಲೆಕ್ಕ ಹಾಕತೈತಿ."

"ಎಂಟ ಯಾಕ್ರಿ? ಎಲ್ಲಾರನ್ನೂ ಯಾಕ ಕೇಳಬಾರದು?" ಎಂದಳು ತಬಸುಮ.

"ಎಂಬತ್ತನಾಕನ್ನೂ ಒಮ್ಮೆಲೆ ಕೇಳಿದ್ರ ಯಾವ ಯೋಜನಿನೂ ಸೋಲೂದಿಲ್ಲ. ಒಂದಲ್ಲ ಒಂದು ಮನಿ ಅದರ ಪರ ನಿಂತಬಿಡತೈತಿ. ಅದಕ್ಕ ಸ್ವಲ್ಪ ಮಂದಿನ್ನ ಕೇಳೂದು, ಪ್ರತಿ ಸುತ್ತಿಗೂ ಬ್ಯಾರೆ ಮಂದಿನ್ನ ಕೇಳೂದು."

"ಎಂಟೂ ಕೂಡಿಸಿ ಸರಾಸರಿ ತಗೀತೀರಿ."

"ಇಲ್ಲವಾ, ಅದನ್ನ ಮಾಡೂದಿಲ್ಲ. ಸರಾಸರಿ ತಗದ್ರ ಏಳು ಮನಿ ಆರಾಮದಾಗ ಒಂದು ಮನಿ ಗೋಳು ಮುಚ್ಚಿಹೋಗತೈತಿ. ಇಲ್ಲಿ ಪ್ರತಿ ಮನಿನೂ ಒಂದು ಗುರಿ. ಒಂದು ಯೋಜನಿ ತಗದು ಒಗೀಬೇಕಂದ್ರ, ಎಂಟೂ ಮನಿಗೆ ಅದಕ್ಕಿಂತ ಚಲೋ ಇನ್ನೊಂದು ಇರಬೇಕು. ಒಂದ ಮನಿ 'ನನಗ ಇದ ಪಾಡು' ಅಂದ್ರೂ ಅದು ಉಳೀತೈತಿ. ಉಳಿದವನ್ನ ಕಲಸಿ ಮತ್ತ ನೂರು ಮಾಡತೈತಿ, ಮತ್ತ ಹೊಸ ಚೀಟಿ. ಹಿಂಗ ಇನ್ನೂರು ಸುತ್ತು."

ತಬಸುಮ ಕೈಚೀಲವನ್ನು ಕೆಳಗಿಟ್ಟಳು. "ಅಂದ್ರ ಪ್ರತಿ ಮನಿಗೂ ಒಂದು ಮಾತು ಐತಿ."

"ಐತಿ. ಅದಕ್ಕ ಪೊಲೀಸರು ನನ್ನ ವರದಿ ನಂಬ್ಯಾರ. ಶಂಕ್ರಪ್ಪನ ಮನಿಗೂ ಮಾತಿತ್ತು. ಆ ಯೋಜನಿ ಪ್ರಕಾರ ಮದ್ದು ಹಾಕಿದ್ರ ಆ ಗ್ವಾಡಿ ಬೀಳೂದಿಲ್ಲ."

"ಬಿತ್ತಲ್ರಿ."

ಚೇತನಾ ಕಣ್ಣು ಕೆಳಗೆ ಮಾಡಿದಳು. "ಹೂಂ. ಅದಕ್ಕ ಅವರು ಅಂತಾರ, ನಿನ್ನ ಗಂಡ ಮದ್ದು ಹೆಚ್ಚು ತುಂಬ್ಯಾನ ಅಂತ."

ಇದೇ ಆ ಪ್ರಕರಣದ ಗಂಟು. ಮದ್ದಿನ ಮನೆಯ ಪುಸ್ತಕದಲ್ಲಿ ಯುನೂಸ ಒಯ್ದ ಮದ್ದು ಯೋಜನೆಯಲ್ಲಿದ್ದಷ್ಟೇ ಇತ್ತು. ಹಿಂದಿನ ದಿನಗಳಲ್ಲಿ ಮಿಗಿಸಿ ಬಚ್ಚಿಟ್ಟದ್ದನ್ನು ಸೇರಿಸಿದ್ದಾನೆ ಎಂಬುದು ಪೊಲೀಸರ ವಾದ. ಅದಕ್ಕೆ ಅವರ ಹತ್ತಿರ ಇದ್ದ ಆಧಾರ ಒಂದೇ: ಕಂಪ್ಯೂಟರು ಸುಳ್ಳು ಹೇಳುವುದಿಲ್ಲ.

ರತ್ನಾಬಾಯಿ ಕನ್ನಡಕ ಒರೆಸಿ ಹಾಕಿಕೊಂಡಳು. "ಆ ಮನಿಗೆ ಮಾತಿತ್ತು, ಖರೆ. ಏನು ಮಾತಾಡೇತಿ ಅಂತ ತೋರಸ್ರಿ."

ಪರದೆಯ ಮೇಲೆ ನಡುಕದ ಅಂಕಿಗಳ ಸಾಲು ಬಂತು. ಹನ್ನೆರಡನೇ ಮನೆಯಲ್ಲಿ ಒಂದು ಯೋಜನೆಗೆ ಒಂದು, ಇನ್ನೊಂದಕ್ಕೆ ಒಂಬತ್ತು. ಮೂವತ್ತನಾಲ್ಕರಲ್ಲಿ ಎರಡರಿಂದ ಹನ್ನೊಂದರ ತನಕ ಏರಿಳಿತ. ಮೂವತ್ತೊಂದರ ಸಾಲಿನಲ್ಲಿ ರತ್ನಾಬಾಯಿಯ ಬೆರಳು ನಿಂತಿತು. ಅರ್ಧ. ಅರ್ಧ. ಅರ್ಧಕ್ಕಿಂತ ತುಸು ಕಡಿಮೆ. ಮತ್ತೆ ಅರ್ಧ. ನೂರು ಯೋಜನೆಗೂ ಅದೇ ಅಂಕಿ.

"ಮೂವತ್ತನಾಕು ಎಲ್ಲಿ ಬರತೈತಿ?"

"ಅದರ ಹಿಂದನ. ಇನ್ನೂ ದೂರ. ಎರಡೂ ಒಂದ ಬಂಡಿಗಲ್ಲಿನ ಮ್ಯಾಲ."

"ಹಿಂದಿನ ಮನಿ ನಡುಗತೈತಿ, ಮುಂದಿನ ಮನಿ ನಡುಗೂದಿಲ್ಲ."

ಚೇತನಾ ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು.

"ಬಾದಾಮಿ ಠಾಣೆಯಾಗ ನಾ ದೂರು ಬರಕೊಳ್ಳೂ ರೈಟರ್ ಇದ್ದಾಗ," ಎಂದಳು ರತ್ನಾಬಾಯಿ, "ದಿನಾ ಜಗಳದ ಓಣಿಗೆ ನಾ ಅಂಜತಿದ್ದಿಲ್ಲ. ಮೂರು ತಿಂಗಳು ಒಂದೂ ದೂರು ಬರದ ಓಣಿ ಇತ್ತಂದ್ರ, ಸಾಹೇಬರಿಗೆ ಹೇಳಿ ಮೊದಲ ಅಲ್ಲಿಗೆ ಹೋಗತಿದ್ದೆ. ಯಾರೋ ಬಾಯಿ ಮುಚ್ಚಸ್ಯಾರ ಅಂತನ ಅರ್ಥ."

ಚೇತನಾ ಮೌಸ್ ಹಿಡಿದು ಕೊನೆಯ ಯೋಜನೆಯ ಚಿತ್ರ ತೆಗೆದಳು. ಗಣಿಯ ಮೇಲೆ ಚುಕ್ಕೆಗಳು, ಚುಕ್ಕೆಗಳ ಮೇಲೆ ಬಾಣಗಳು. ಅವಳ ಕೈ ನಿಂತಿತು. ಬಾಣಗಳೆಲ್ಲ ಪೂರ್ವಕ್ಕೆ ವಾಲಿದ್ದವು. ಪೂರ್ವಕ್ಕೆ ನೇಕಾರರ ಓಣಿ.

"ಉಳಿದ ಮನಿಗಳು ಒಂದೊಂದಾಗಿ ಬ್ಯಾಡ ಅಂದಾವು," ಎಂದಳು ನಿಧಾನವಾಗಿ. "ಇನ್ನೂರು ಸುತ್ತು ಬ್ಯಾಡ ಅಂದಾವು. ಅವು ಬ್ಯಾಡ ಅಂದ ನಡುಕಾನೆಲ್ಲಾ ಇದು..."

"ಬ್ಯಾಡ ಅನ್ನದ ಮನಿಗೆ ಕಳಿಸೇತಿ," ಎಂದಳು ತಬಸುಮ.

"ಡಬ್ಬಿ ಇಟ್ಟ ದಿನದಿಂದಲೂ ಹಿಂಗ ಅರ್ಧ ಇತ್ತೇನು?" ಎಂದು ಕೇಳಿದಳು ರತ್ನಾಬಾಯಿ.

"ಮೊದಲ ವಾರದ ಅಂಕಿ ನಾವು ಲೆಕ್ಕಕ್ಕ ತಗೊಳ್ಳೂದಿಲ್ರಿ. ಯಂತ್ರ ಸರಿಯಾಗಿ ಕುಂದರೂತನಕ ಬಿಡ್ತೇವಿ."

"ಬಿಟ್ಟದ್ದನ್ನ ಚೆಲ್ಲೀರೋ, ಇಟ್ಟೀರೋ?"

ಇಟ್ಟಿದ್ದಳು. ಹುಡುಕಿ ತೆಗೆಯಲು ಹತ್ತು ನಿಮಿಷ ಹಿಡಿಯಿತು. ಜುಲೈ ಏಳಕ್ಕೆ ಡಬ್ಬಿ ಇಟ್ಟದ್ದು. ಮೊದಲ ಆರು ದಿನ ಮೂವತ್ತೊಂದನೇ ಮನೆ ಅಕ್ಕಪಕ್ಕದ ಮನೆಗಳಷ್ಟೇ ನಡುಗಿತ್ತು. ಐದು, ಏಳು, ಆರು. ಹದಿಮೂರನೇ ತಾರೀಖು ಸೋಮವಾರ, ಒಮ್ಮೆಲೇ ಅರ್ಧ. ಅಂದಿನಿಂದ ಆ ಮನೆ ಬಾಯಿ ಬಿಟ್ಟಿರಲಿಲ್ಲ.

"ಇದನ್ನ ಕೋರ್ಟಿಗೆ ಬರದು ಕೊಡ್ತೀರೇನು ಮೇಡಮ್?"

"ಬರೇ ಅಂಕಿ ಬಿದ್ದಾವು ಅಂದ್ರ, ಅಲ್ಲಿ ನೆಲಾನ ಹಂಗ ಐತಿ ಅಂತಾರ. ಏನು ಆಗಿತ್ತು ಅಂತ ತೋರಸ್ರಿ. ನನ್ನ ಲೆಕ್ಕ ತಪ್ಪು ಅಂತ ನನ್ನ ಕೈಲೆನ ಬರದು ಮೊಬೈಲಿಗೆ ಕಳಸ್ತೇನಿ." ಅವಳು ತಬಸುಮಳ ಕಡೆಗೆ ನೋಡಲಿಲ್ಲ. "ನಾ ನೋಡಬೇಕಿತ್ತು. ನೋಡಲಿಲ್ಲ."

ರತ್ನಾಬಾಯಿ ತಾರೀಖನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಎದ್ದಳು.

ಶಿರೂರು ದಾಟುವ ತನಕ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಹುನಗುಂದದಲ್ಲಿ ಬಸ್ಸು ಕೋರ್ಟಿನ ಮುಂದೆಯೇ ಹಾದಾಗ ತಬಸುಮ ಕಿಟಕಿಗೆ ಮುಖ ಹಚ್ಚಿ ನೋಡಿದಳು. ಅಲ್ಲಿ ಇನ್ನೂ ಪೊಲೀಸ್ ವ್ಯಾನು ಬಂದಿರಲಿಲ್ಲ. ಇಳಕಲ್ಲಿಗೆ ಮುಟ್ಟಿದಾಗ ಹನ್ನೆರಡೂವರೆ.

ಮೂವತ್ತೊಂದನೇ ಮನೆಯ ಬಾಗಿಲು ತೆರೆದೇ ಇತ್ತು. ಶಂಕ್ರಪ್ಪನ ಹೆಂಡತಿ ಶಿವಲಿಂಗವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಎಪ್ಪತ್ತರ ಹತ್ತಿರದ ಸಣಕಲು ಹೆಣ್ಣುಮಗಳು. ಹಣೆಯಲ್ಲಿ ವಿಭೂತಿ. ಬಂದವರು ಯಾರು, ಎತ್ತ ಎಂದು ಕೇಳುವ ಮೊದಲೇ ಅವಳು ನೀರಿನ ತಂಬಿಗೆ ತಂದಿಟ್ಟಳು.

"ನಾವು ಯುನೂಸನ ಕಡೆಯವ್ರು ಅಕ್ಕಾ," ಎಂದಳು ರತ್ನಾಬಾಯಿ. ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. "ಈಕಿ ಅವನ ಹೇಣತಿ."

ಶಿವಲಿಂಗವ್ವ ತಬಸುಮಳನ್ನು ಬಹಳ ಹೊತ್ತು ನೋಡಿದಳು. "ನೀರು ಕುಡಿಯವ್ವಾ. ಬಿಸಲಾಗ ಬಂದೀದಿ," ಎಂದಳು.

ಮಗ್ಗದ ಕೋಣೆಯ ದಕ್ಷಿಣದ ಗೋಡೆ ಇರಲೇ ಇಲ್ಲ. ಅಲ್ಲಿಂದ ಸುರಿದ ಬಿಸಿಲು ನೇರ ಮಗ್ಗದ ಮೇಲೆ ಬೀಳುತ್ತಿತ್ತು. ಅರ್ಧ ನೇಯ್ದ ಸೀರೆ ಇನ್ನೂ ಹಾಗೆಯೇ ಇತ್ತು, ಮೈಮೇಲೆ ಕೆಂಪು ಧೂಳು. ಮಗ್ಗದ ಕೆಳಗೆ ನೇಕಾರನು ಕಾಲು ಇಳಿಬಿಡುವ ಕುಣಿ. ಅದರಲ್ಲಿನ ಕಲ್ಲುಗಳನ್ನು ಯಾರೋ ತೆಗೆದು ಮೂಲೆಗೆ ಒಟ್ಟಿದ್ದರು.

"ಕಾಲು ಕುಣಿಯಾಗ ಇದ್ವು," ಎಂದಳು ಶಿವಲಿಂಗವ್ವ. "ಅದಕ್ಕ ಏಳಾಕ ಆಗಲಿಲ್ಲ. ಮ್ಯಾಲ ಕುಂತಿದ್ರ ಓಡತಿದ್ರು. ಗಟ್ಟಿ ಇದ್ರು."

ರತ್ನಾಬಾಯಿ ಅವಳ ಹತ್ತಿರ ಹೋಗಿ ನಿಂತಳು. ಆಮೇಲೆ ಕೇಳಿದಳು. "ಡಬ್ಬಿ ಎಲ್ಲಿ ಇಟ್ಟಿದ್ರು ಅಕ್ಕಾ?"

ಪಡುವಣ ಮೂಲೆಯಲ್ಲಿ, ಮಣ್ಣಿನ ನೆಲದಿಂದ ಬಂಡೆಯ ಬೆನ್ನು ಹಿಟ್ಟು ನಾದುವ ಪರಾತದಷ್ಟು ಅಗಲ ಮೇಲೆದ್ದಿತ್ತು. ಗೋಡೆ ಬಿದ್ದ ಸಂಜೆಯೇ ಗಣಿಯವರು ಬಂದು ಡಬ್ಬಿಯನ್ನು ಒಯ್ದಿದ್ದರು. ರತ್ನಾಬಾಯಿ ಚೀಲದಿಂದ ಒಂದು ಹಾಳೆ ತೆಗೆದಳು. ಗಣಿಯ ಸೂಪರ್‌ವೈಜರ್ ಶ್ರೀಶೈಲ ಪೊಲೀಸರಿಗೆ ಕೊಟ್ಟ ಹೇಳಿಕೆ ಅದು. ಡಬ್ಬಿಯ ಮೂರು ಕಾಲುಗಳನ್ನು ಪ್ಲಾಸ್ಟರ್ ಹಚ್ಚಿ ಬರಿಯ ಬಂಡೆಗೆ ತಾನೇ ಕೂರಿಸಿದ್ದಾಗಿಯೂ, ಅಪಘಾತದ ದಿನದವರೆಗೆ ಅದು ಅಲ್ಲಾಡಿಲ್ಲವೆಂದೂ ಅವನು ಸಹಿ ಮಾಡಿದ್ದ.

ಬಂಡೆಯ ಮೇಲೆ ಪ್ಲಾಸ್ಟರ್ ಕಾಣಿಸಲಿಲ್ಲ. ಸೆಗಣಿ ಸಾರಿಸಿದ ಹಸಿರು ಕಂದು ಬಣ್ಣ ನೆಲದಿಂದ ಬಂಡೆಯ ಮೇಲೂ ಒಂದೇ ಸಮನೆ ಹರಡಿತ್ತು.

ಅವಳು ಮೊಣಕಾಲೂರಿ, ತಲೆಯಿಂದ ಪಿನ್ನು ತೆಗೆದು ಮೆಲ್ಲಗೆ ಕೆರೆದಳು. ತೆಳ್ಳನೆಯ ಪದರ ಎದ್ದಿತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೂ ಒಂದು. ಹಪ್ಪಳದ ಹಾಗೆ ಒಂದರ ಮೇಲೊಂದು ಕೂತಿದ್ದವು. ಎಲ್ಲಕ್ಕೂ ಕೆಳಗೆ ಬೆಳ್ಳಗೆ, ನಾಣ್ಯದಗಲದ ಪ್ಲಾಸ್ಟರಿನ ಗುರುತು.

"ಎಷ್ಟು ದಿನಕ್ಕೊಮ್ಮೆ ಸಾರಸ್ತೀರಿ?"

"ಸೋಮವಾರಕ್ಕೊಮ್ಮೆ."

"ಡಬ್ಬಿ ಇದ್ದಲ್ಲಿ?"

"ಅದನ್ನೂ ಎತ್ತಿ ಸಾರಸ್ತಿದ್ದೆ. ಹೊಲಸು ಬಿಡಾಕ ಆಗತೈತೇನು?"

"ಪ್ಲಾಸ್ಟರ್ ಹಾಕಿ ಅಂಟಿಸಿದ್ದನ್ನ ಹೆಂಗ ಎತ್ತತಿದ್ರಿ?"

ಶಿವಲಿಂಗವ್ವ ನೆಲದ ಮೇಲೆ ಕುಳಿತಳು. ಹೇಳಬಾರದ್ದನ್ನು ಹೇಳುತ್ತಿದ್ದೇನೆ ಎಂಬ ಅಳುಕು ಅವಳ ಮುಖದಲ್ಲಿ ಇರಲಿಲ್ಲ.

"ನಮ್ಮವರು ಮೊದಲನ ಕಿತ್ತಿದ್ರಲ್ಲ. ಆ ಡಬ್ಬಿಗೆ ಒಂದು ಕೆಂಪು ದೀಪ ಇತ್ತು. ಮದ್ದು ಹಾರಿದಾಗ ಹತ್ತತಿತ್ತು. ಮುಂದ ನೋಡತೇವಿ, ಇವರು ಮಗ್ಗದ ಹಲಗಿ ಬಡದಾಗೊಮ್ಮೆನೂ ಹತ್ತತೈತಿ. ಇವರಿಗೆ ಸಮಾಧಾನ ಇಲ್ಲ. 'ನಮ್ಮ ಮಗ್ಗದ ಬಡತ ಹೋಗಿ ಖಣಿಯವರ ಹೆಸರಿಗೆ ಬೀಳಾಕತ್ತೈತಿ. ಅವರು ಮಾಡದ ತಪ್ಪು ನಾವು ಅವರ ಮ್ಯಾಲ ಹೊರಸಬಾರದು' ಅಂದ್ರು. ಎರಡು ದಿನ ಮಗ್ಗಾನ ಹೂಡಲಿಲ್ಲ. ಕಡಿಕ ಡಬ್ಬಿ ಕಿತ್ತು, ಕೆಳಗ ಹಳೇ ಅರಿವಿ ತುಂಡು ಹೊಲದ ಕೌದಿ ನಾಕು ಮಡಿಕಿ ಮಾಡಿ ಹಾಕಿದ್ರು. ಆಮ್ಯಾಲ ಬಡದ್ರು. ದೀಪ ಹತ್ತಲಿಲ್ಲ." ಅವಳು ಮಗ್ಗದ ಕಡೆ ನೋಡಿದಳು. "ಅವತ್ತ ಹೊಟ್ಟಿ ತುಂಬ ಉಂಡ್ರು."

ರತ್ನಾಬಾಯಿ ಪಿನ್ನನ್ನು ತಲೆಗೆ ಸಿಕ್ಕಿಸಿಕೊಂಡು ಎದ್ದಳು. ಮೂವತ್ತು ವರ್ಷ ಠಾಣೆಯಲ್ಲಿ ಬಾಯಿ ಮುಚ್ಚಿಸಿದವರನ್ನು ಹುಡುಕಿದವಳು ಅವಳು. ಬಡ್ಡಿ ಸಾಹುಕಾರ, ಗೌಡ, ಪುಂಡ, ಎಲ್ಲರನ್ನೂ ಕಂಡಿದ್ದಳು. ಇನ್ನೊಬ್ಬರ ಮೇಲೆ ಸುಳ್ಳು ದೂರು ಹೋಗಬಾರದೆಂದು ತನ್ನ ಮನೆಯ ಬಾಯಿಯನ್ನು ತಾನೇ ಮುಚ್ಚಿಕೊಂಡವನನ್ನು ಕಂಡಿರಲಿಲ್ಲ.

ಬಂಡೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಚೇತನಾಳಿಗೆ ಕಳಿಸಿ, ಫೋನಿನಲ್ಲಿ ಕೌದಿಯ ಮಾತು ಹೇಳಿದಳು. ಆಮೇಲೆ ಚೇತನಾ, "ಕೌದಿ ಮ್ಯಾಲ ಇದ್ರ ಹತ್ತು ಪಾಲಿನಾಗ ಒಂದು ಪಾಲು ನಡುಕಾನೂ ಡಬ್ಬಿಗೆ ಹತ್ತೂದಿಲ್ರಿ. ಈಗ ಬರೀತೇನಿ. ಆದ್ರ ಕೌದಿ ಬೇಕು. ಅದಿಲ್ಲದ ನನ್ನ ಮಾತು ಬರೇ ಮಾತು," ಎಂದಳು.

ಹೊರಗೆ ಬೈಕು ನಿಂತ ಸಪ್ಪಳ.

ಒಳಗೆ ಬಂದವನು ಶ್ರೀಶೈಲ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಕಾಲಲ್ಲಿ ಗಣಿಯ ಕೆಂಪು ಮಣ್ಣು ಹತ್ತಿದ ಬೂಟು. ಬೂಟನ್ನು ಹೊಸ್ತಿಲ ಹೊರಗೆ ಬಿಟ್ಟು ಬರುವಷ್ಟು ನಯ ಅವನಲ್ಲಿತ್ತು.

"ಅಕ್ಕಾರ, ದುಃಖದ ಮನಿಯಾಗ ನೆಲಾ ಯಾಕ ಕೆರೀತೀರಿ?"

"ನೀ ಬರದುಕೊಟ್ಟದ್ದು ಇದರಾಗ ಐತೇನಂತ ನೋಡಾಕತ್ತೇನಿ ತಮ್ಮಾ."

"ಐತಲ್ರಿ. ಪ್ಲಾಸ್ಟರ್ ಕಾಣಸಾಕತ್ತೈತಿ."

"ಪ್ಲಾಸ್ಟರ್ ಮ್ಯಾಲ ಮೂರು ತಿಂಗಳ ಸೆಗಣಿ ಐತಿ. ಡಬ್ಬಿ ಕೂತಲ್ಲಿ ಸೆಗಣಿ ಹೆಂಗ ಹೋತು?"

ಶ್ರೀಶೈಲ ಬಂಡೆಯ ಕಡೆ ಒಮ್ಮೆ, ಶಿವಲಿಂಗವ್ವನ ಕಡೆ ಒಮ್ಮೆ ನೋಡಿದ. "ನನಗೇನು ಗೊತ್ರಿ? ಡಬ್ಬಿಯೊಳಗ ಸಿಮ್ ಐತಿ. ಅಂಕಿ ತಾವ ಬಾಗಲಕೋಟಿಗೆ ಹೋಗತಾವು. ನಾ ಈ ಮನಿಗೆ ಬರೂ ಕೆಲಸನ ಇಲ್ಲ."

"ಬ್ಯಾಟರಿ?"

"ಏನ್ರಿ?"

"ಸಿಮ್ ಇದ್ದದ್ದಕ್ಕ ಬ್ಯಾಟರಿನೂ ಇರತೈತಿ. ಯಾರು ಬದಲಸ್ತಿದ್ರು?"

ಶ್ರೀಶೈಲ ಬಾಯಿ ತೆರೆಯುವ ಮೊದಲೇ ಶಿವಲಿಂಗವ್ವ ಹೇಳಿದಳು. "ಇಂವನ ಬರ್ತಿದ್ದ. ತಿಂಗಳಿಗೊಮ್ಮೆ. ಡಬ್ಬಿ ಎತ್ತಿ, ಬ್ಯಾಟರಿ ಹಾಕಿ, ಮತ್ತ ಕೌದಿ ಮ್ಯಾಲನ ಇಟ್ಟು ಹೋಗತಿದ್ದ. ಒಮ್ಮೆ ಛಾ ಕುಡದು ಹೋದ."

"ಛಾ ಕುಡಿಯೂ ಮುಂದ ಕಣ್ಣು ಮುಚ್ಚಿಕೊಂಡಿದ್ದೇನಪಾ?" ಎಂದಳು ರತ್ನಾಬಾಯಿ.

ಶ್ರೀಶೈಲ ಮಗ್ಗದ ಮರದ ಮೇಲೆ ಕೈ ಊರಿ ಆರಾಮವಾಗಿ ನಿಂತ. ಆ ಆರಾಮ ರತ್ನಾಬಾಯಿಗೆ ಹಿಡಿಸಲಿಲ್ಲ.

"ನೋಡೇನಿ ಅಂತ ಇಟ್ಟಕೋರಿ. ಏನೀಗ? ಯಾವುದಾರ ಒಂದು ಡಬ್ಬಿಯಾಗ ಅಂಕಿ ಏರಿದ್ರ ಅವತ್ತ ಖಣಿ ಬಂದ್. ಒಂದು ಮನಿ ಸುಮ್ನ ಇದ್ರ ನಾ ಯಾಕ ಎಬ್ಬಸಲಿ?"

"ಒಬ್ಬರು ಸತ್ತಾರಪಾ ಈ ಮನಿಯಾಗ."

"ನಾ ಕೌದಿ ಹಾಸಿಲ್ಲ." ಅವನು ತಬಸುಮಳನ್ನು ನೋಡಿದ, ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಕೋರ್ಟಿಗೆ ಒಯ್ಯಿರಿ ಅದನ್ನ. ನಾ ಬ್ಯಾಡ ಅನ್ನೂದಿಲ್ಲ. ಒಯ್ಯೂ ಮುಂದ ಒಮ್ಮೆ ಬಿಚ್ಚಿ ನೋಡ್ರಿ ಅಷ್ಟ."

"ಅಂದ್ರ?"

"ಬಿಚ್ಚಿ ನೋಡ್ರಿ," ಎಂದು ಅವನು ಬೂಟು ಹಾಕಿಕೊಂಡ. ಬೈಕು ಓಣಿಯ ತುದಿಗೆ ಹೋಗುವ ತನಕ ಮೂವರೂ ಕೇಳುತ್ತಾ ನಿಂತರು.

ಗಂಟೆ ಒಂದೂಮುಕ್ಕಾಲು. ಇಳಕಲ್ಲಿನಿಂದ ಹುನಗುಂದಕ್ಕೆ ಅರ್ಧ ತಾಸು ಹಿಡಿಯುತ್ತದೆ.

"ಕೌದಿ ಎಲ್ಲೈತಿ ಅಕ್ಕಾ? ಖಣಿಯವರು ಅದನ್ನೂ ಒಯ್ದರೇನು?"

"ಡಬ್ಬಿ ಅವರದು, ಒಯ್ದ್ರು. ಕೌದಿ ಅವರದಲ್ಲಲ್ಲ," ಎಂದು ಶಿವಲಿಂಗವ್ವ ಒಳಗಿನ ಕೋಣೆಗೆ ಹೋದಳು. ತಿರುಗಿ ಬಂದಾಗ ಎರಡೂ ಕೈಯಲ್ಲಿ ನಾಲ್ಕು ಮಡಿಕೆಯ ಕೌದಿ ಇತ್ತು. ಮೇಲಿನ ಮಡಿಕೆಯಲ್ಲಿ ಮೂರು ಗುಳಿಗಳು, ಡಬ್ಬಿಯ ಮೂರು ಕಾಲು ಮೂರು ತಿಂಗಳು ಒತ್ತಿದ ಗುರುತು. ಮುಟ್ಟಿದರೆ ಬೆರಳ ತುದಿ ಅದರಲ್ಲಿ ಕೂರುತ್ತಿತ್ತು.

ರತ್ನಾಬಾಯಿಯ ಎದೆ ಹಗುರಾಯಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಎಲ್ಲಿ ಸಿಗಬೇಕು? ಡಬ್ಬಿ ಕಿವುಡಾಗಿತ್ತು, ಲೆಕ್ಕ ಕಿವುಡಾಗಿತ್ತು, ಯೋಜನೆಯಲ್ಲಿದ್ದಷ್ಟೇ ಮದ್ದು ಸಾಕಿತ್ತು ಗೋಡೆ ಬೀಳಲು. ಯುನೂಸ ಹೆಚ್ಚು ತುಂಬಿದ ಎನ್ನಲು ಇನ್ನು ಕಾರಣವೇ ಉಳಿಯುವುದಿಲ್ಲ.

"ಹಿಡಿಯವಾ ತಬಸುಮ. ಬಿಸಲಿಗೆ ಬಿಚ್ಚು, ಫೋಟೋ ತಗೀತೇನಿ."

ತಬಸುಮ ಕೌದಿ ಬಿಚ್ಚಿ ಎರಡು ಮೂಲೆ ಹಿಡಿದು ಎತ್ತಿದಳು. ಹಳೆಯ ಸೀರೆಯ ತುಂಡು, ಹೂವಿನ ಲಂಗದ ತುಂಡು, ನಡುವೆ ಖಾಕಿ ಬಣ್ಣದ ಒಂದು ಚೌಕ. ಖಾಕಿಯ ಮೇಲೆ ಜೇಬು ಬಿಚ್ಚಿದ ಗುರುತು, ಅಷ್ಟು ಮಾತ್ರ ಬಣ್ಣ ಮಾಸಿರಲಿಲ್ಲ. ರತ್ನಾಬಾಯಿ ಮೊಬೈಲ್ ಎತ್ತಿ ಹಿಡಿದಳು.

ಕೌದಿ ಅಲುಗಾಡುತ್ತಿತ್ತು.

"ನೀಟಾಗಿ ಹಿಡಿ."

ಅಲುಗಾಟ ನಿಲ್ಲಲಿಲ್ಲ. ರತ್ನಾಬಾಯಿ ಮೊಬೈಲ್ ಕೆಳಗಿಳಿಸಿ ನೋಡಿದಳು. ತಬಸುಮಳ ಬಲಗೈಯ ಬೆರಳುಗಳು ಕೌದಿಯ ಮೂಲೆಯನ್ನು ಹಿಸುಕುತ್ತಿದ್ದವು. ಒಳಗೆ ಏನೋ ಸಣ್ಣದು, ಗಟ್ಟಿಯಾದದ್ದು ಇದ್ದಂತೆ. ಆಮೇಲೆ ಅವಳು ಏನೂ ಆಗದವಳ ಹಾಗೆ ಕೌದಿಯನ್ನು ಮಡಿಚತೊಡಗಿದಳು. ಖಾಕಿ ಚೌಕ ಒಳಗಾಗುವಂತೆ.

"ಏನವಾ ಅದು?"

"ಏನಿಲ್ರಿ."

"ತಬಸುಮ."

ಅವಳು ಮಡಿಚುವುದನ್ನು ನಿಲ್ಲಿಸಿದಳು.

"ನಮ್ಮತ್ತಿ ಕಲಿಸಿದ್ದು ಅಕ್ಕಾರ. ಕೌದಿ ಮುಗಸೂ ಮುಂದ ಕಡೀ ಮೂಲಿಯಾಗ ನಾಕು ಜ್ವಾಳದ ಕಾಳು ಹಾಕಿ ಹೊಲೀಬೇಕು, ಹೊದ್ದವರು ಹಸದು ಮಲಗಬಾರದು ಅಂತ. ನಮ್ಮ ಮನಿಯಾಗ ಅಷ್ಟ ಹಂಗ ಮಾಡ್ತೇವಿ." ಅವಳು ಆ ಮೂಲೆಯನ್ನು ರತ್ನಾಬಾಯಿಯ ಕಡೆ ಚಾಚಿದಳು. "ಇದು ನಾ ಹೊಲದದ್ದು. ಆ ಖಾಕಿ ನಮ್ಮ ಮನಿಯವರು ಖಣಿಗೆ ಹಾಕ್ಕೊಂಡು ಹೋಗತಿದ್ದ ಅಂಗಿ. ಮಳಿಗಾಲದಾಗ ಕೌದಿ ಕಳದೈತಿ ಅಂದಿದ್ರು. ನಾ ಹುಡುಕಿ ಹುಡುಕಿ ಬಿಟ್ಟೆ."

ಶಿವಲಿಂಗವ್ವ ಇಬ್ಬರನ್ನೂ ನೋಡಿದಳು. ಇದರಲ್ಲಿ ಮುಚ್ಚಿಡುವಂಥದ್ದು ಏನೆಂದು ಅವಳಿಗೆ ತಿಳಿಯಲಿಲ್ಲ.

"ಹೌದವ್ವಾ, ಯುನೂಸನ ತಂದುಕೊಟ್ಟದ್ದು. ನಮ್ಮವರು ದೀಪದ ಮಾತು ಅವನ ಮುಂದ ಹೇಳಿದ್ರು. ಮರುದಿನ ಮುಂಜಾನೆ ಕೌದಿ ತಂದ. ಹೆಂಗ ಮಡಚಬೇಕು ಅಂತ ಅವನ ತೋರಿಸಿದ."

ರತ್ನಾಬಾಯಿಗೆ ಕಣ್ಣ ಮುಂದೆ ಜಾಮೀನಿನ ಅರ್ಜಿ ಬಂತು. ಅದರ ಎರಡನೆಯ ಪುಟ. ಸತ್ತವನ ಪರಿಚಯ ತನಗಿರಲಿಲ್ಲ, ಆ ಮನೆಗೆ ತಾನು ಎಂದೂ ಕಾಲಿಟ್ಟಿಲ್ಲ ಎಂದು ಯುನೂಸ ಪ್ರಮಾಣ ಮಾಡಿ ಸಹಿ ಹಾಕಿದ್ದ. ಶಿವಗಂಗಾ ಎರಡು ಸಲ ಕೇಳಿದ್ದಳು. ಎರಡು ಸಲವೂ ಅದನ್ನೇ ಹೇಳಿದ್ದ.

ಮದ್ದು ತುಂಬುವವನು ಅವನು. ಮದ್ದು ಎಷ್ಟು ನಡುಗಿಸುತ್ತದೆ ಎಂದು ಹೇಳುವ ಡಬ್ಬಿಯ ಕೆಳಗೆ ಮೆತ್ತನೆಯ ಹಾಸಿಗೆ ಹಾಸಿದವನೂ ಅವನು. ಸರ್ಕಾರಿ ವಕೀಲರಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಕೈಯಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಶಿವಗಂಗಾ.

"ರತ್ನಕ್ಕಾ, ಮೂರು ಗಂಟೆದು ಮೊದಲನ ಬಂತು. ಸಾಹೇಬರು ಈಗನ ಕರಿಯಾಕತ್ತಾರ. ಏನರ ಸಿಕ್ಕಿದ್ರ ಹೇಳ್ರಿ, ಅದು ಬರೂತನಕ ಒಂದು ತಾಸು ಟೈಮ್ ಕೇಳ್ತೇನಿ. ಇಲ್ಲಂದ್ರ ಅರ್ಜಿ ಹೋತು."

ರತ್ನಾಬಾಯಿ ತಬಸುಮಳನ್ನು ನೋಡಿದಳು. ಕೌದಿ ಅರ್ಧ ಮಡಿಚಿತ್ತು. ಖಾಕಿ ಚೌಕದ ಒಂದು ಅಂಚು ಮಾತ್ರ ಹೊರಗೆ ಕಾಣುತ್ತಿತ್ತು.

"ಅಕ್ಕಾ, ಕೇಳ್ತೈತೇನು?"

ತಬಸುಮ ಕೈ ಚಾಚಿ ಮೊಬೈಲನ್ನು ರತ್ನಾಬಾಯಿಯ ಕೈಯಿಂದ ತೆಗೆದುಕೊಂಡಳು.

"ವಕೀಲಬಾಯಾರ, ನಾ ತಬಸುಮ ಮಾತಾಡೂದು. ಡಬ್ಬಿ ಕೆಳಗ ಕೌದಿ ಇತ್ರಿ. ಅದಕ್ಕ ಕಂಪ್ಯೂಟರಿಗೆ ಆ ಮನಿ ನಡುಕ ಗೊತ್ತಾಗಲಿಲ್ಲ. ಬಾಗಲಕೋಟಿ ಮೇಡಮ್ ಬರದು ಕೊಡ್ತಾರ." ಅವಳು ಉಸಿರು ಎಳೆದುಕೊಂಡಳು. "ಕೌದಿ ನನ್ನದು. ಇವರ ಒಯ್ದು ಕೊಟ್ಟಾರ, ಹಾಸೂದನ್ನೂ ಇವರ ತೋರಿಸ್ಯಾರ. ಆ ಮನಿಗೆ ಹೋಗಿಲ್ಲ ಅಂದದ್ದು ಸುಳ್ಳು. ಯಾಕ ಸುಳ್ಳು ಹೇಳ್ಯಾರ ನನಗ ಗೊತ್ತಿಲ್ಲ."

ಶಿವಗಂಗಾಳ ದನಿ ಬಹಳ ಸಣ್ಣಗೆ ಬಂತು.

"ತಬಸುಮ, ನಾ ಹೇಳೂದು ಸರಿಯಾಗಿ ಕೇಳು. ಕೌದಿ ತೋರಿಸಿದ್ರ, ಬೇಕಂತನ ಡಬ್ಬಿ ಕೆಡಿಸಿದವ ಅಂತಾರ ನಿನ್ನ ಗಂಡಗ. ತೋರಿಸದಿದ್ರ, ಹೆಚ್ಚು ಮದ್ದು ತುಂಬಿ ಕೊಂದವ ಅಂತಾರ. ನಾ ಒಳಗ ಹೋಗಿ ಒಂದ ಹೇಳಾಕ ಬರತೈತಿ. ಯಾವುದು ಹೇಳಲಿ?"

ತಬಸುಮಳ ತುಟಿ ಅಲುಗಿತು. ಫೋನಿನೊಳಗಿಂದ, ಶಿವಗಂಗಾಳ ಬೆನ್ನ ಹಿಂದೆ, ಕೋರ್ಟಿನ ಜವಾನ ಯುನೂಸನ ಹೆಸರನ್ನು ಎರಡನೆಯ ಸಲ ಕೂಗಿದ.